ಬೋನ್ಸಾಯ್‌ಗೆ ಮೊದಲ ಚಳಿಗಾಲ: ಒಳಗಿಡಬೇಕಾ, ಹೊರಗಿಡಬೇಕಾ?

ಶಿಕಾಗೋ ಕಡೆಗೆ ಹೊಸದಾಗಿ ಬಂದ ನಮ್ಮವರ ಮನೆಗಳಲ್ಲಿ ಕಿಟಕಿ ಪಕ್ಕ ಒಂದು ಪುಟ್ಟ ಬೋನ್ಸಾಯ್ ಆಗಾಗ ಕಣ್ಣಿಗೆ ಬೀಳುತ್ತದೆ. ಗೃಹಪ್ರವೇಶಕ್ಕೆ ಯಾರೋ ಕೊಟ್ಟಿರುತ್ತಾರೆ, ಇಲ್ಲವೇ ಆಸೆಪಟ್ಟು ತಂದಿರುತ್ತಾರೆ. ನಾನು ಮೊದಲು ಕೇಳುವುದು ಒಂದೇ: ಇದು ಯಾವ ಗಿಡ? ಚಳಿಗಾಲದ ಆರೈಕೆಯೆಲ್ಲ ಆ ಉತ್ತರದ ಮೇಲೇ ನಿಂತಿದೆ.

ನನ್ನ ಮೊದಲ ಗಿಡ ಜೂನಿಪರ್, ಚಳಿ ದೇಶದ ಒಂದು ನಿತ್ಯಹಸಿರು ಗಿಡ. ಮನೆಯೊಳಗೇ ಇಡಿ ಎಂದು ಅಂಗಡಿಯಲ್ಲಿ ಹೇಳಿ ಕೊಟ್ಟಿದ್ದರು. ನವೆಂಬರ್ ಚಳಿಗೆ ಹೆದರಿ ಹೀಟರ್ ಗಾಳಿ ಬರುವ ಕಡೆ ಬೆಚ್ಚಗೆ ಇಟ್ಟೆ. ಜನವರಿವರೆಗೂ ಹಸಿರಾಗಿತ್ತು. ಫೆಬ್ರವರಿಯಲ್ಲಿ ಮುಟ್ಟಿದರೆ ಎಲೆಯೆಲ್ಲ ಪುಡಿಪುಡಿ. ಜೂನಿಪರ್ ಸತ್ತ ಮೇಲೂ ಎಷ್ಟೋ ವಾರ ಹಸಿರಾಗಿಯೇ ಕಾಣುತ್ತದೆ ಎಂದು ಆಮೇಲೆ ತಿಳಿಯಿತು. ಇವತ್ತಿಗೂ ಅದರ ಬಗ್ಗೆ ನನಗೆ ಬೇಜಾರಿದೆ.

ಜೂನಿಪರ್, ಪೈನ್, ಮೇಪಲ್ ಜಾತಿಯ ಗಿಡಗಳಿಗೆ ಚಳಿ ಬೇಕೇ ಬೇಕು. ಬೆಂಗಳೂರು, ಮೈಸೂರಿನಲ್ಲಿ ಬೆಳೆದ ನಮಗೆ ಇದನ್ನು ನಂಬುವುದು ಕಷ್ಟ, ಅಲ್ವಾ? ಆದರೆ ಚಳಿಯಲ್ಲಿ ಕೆಲವು ತಿಂಗಳು ನಿದ್ದೆ ಮಾಡದಿದ್ದರೆ ಅವು ಸೊರಗುತ್ತವೆ. ವಾಷಿಂಗ್ಟನ್ನಿನ ಬೋನ್ಸಾಯ್ ಮ್ಯೂಸಿಯಂನಲ್ಲಿ 1625ರಿಂದ ಬೆಳೆಸಿದ ಒಂದು ಬಿಳಿ ಪೈನ್ ಇದೆ. ಹಿರೋಶಿಮಾದ ಬಾಂಬ್ ದಾಳಿಯಲ್ಲೂ ಉಳಿದು, 1976ರಲ್ಲಿ ಜಪಾನಿನಿಂದ ಉಡುಗೊರೆಯಾಗಿ ಬಂದ ಮರ. ಅದಕ್ಕೂ ವರ್ಷಾ ವರ್ಷ ಚಳಿಗಾಲದ ನಿದ್ದೆ ಬೇಕು.

ಹಾಗಂತ ಸುಮ್ನೆ ಹೊರಗೆ ಬಿಟ್ಟುಬಿಡಬೇಡಿ. ಕೊಂಬೆ ಚಳಿ ತಡೆಯುತ್ತದೆ, ಬೇರು ಅಷ್ಟು ತಡೆಯುವುದಿಲ್ಲ. ನೆಲದಲ್ಲಿರುವ ಮರದ ಬೇರಿಗೆ ಭೂಮಿಯೇ ಹೊದಿಕೆ. ಬೋನ್ಸಾಯ್ ಬೇರಿಗೆ ಇರುವುದು ಎರಡು ಮೂರು ಇಂಚು ಮಣ್ಣು ಮಾತ್ರ. ಅದಕ್ಕೇ ಹೀಟರ್ ಇಲ್ಲದ ಗ್ಯಾರೇಜ್ ಒಳ್ಳೆಯ ಜಾಗ. ಅಲ್ಲಿ 0ಯಿಂದ 5 ಡಿಗ್ರಿ ಸೆಲ್ಸಿಯಸ್, ಅಂದರೆ ಫ್ಯಾರನ್‌ಹೀಟ್ ಲೆಕ್ಕದಲ್ಲಿ 32ರಿಂದ 41 ಇದ್ದರೆ ಸಾಕು. ಅಷ್ಟು ಚಳಿಯಲ್ಲಿ ಮಲಗಿದ ಗಿಡಕ್ಕೆ ಬೆಳಕು ಜಾಸ್ತಿ ಬೇಕಿಲ್ಲ. ಹಿತ್ತಲಿದ್ದರೆ ನೆಲ ಹೆಪ್ಪುಗಟ್ಟುವ ಮೊದಲೇ ಕುಂಡವನ್ನು ಅಂಚಿನವರೆಗೆ ಹೂತು, ಮೇಲೆ ಒಣ ಎಲೆ ಅಥವಾ ಮರದ ತೊಗಟೆಯ ಚೂರು ಹರಡಿ. ಅಪಾರ್ಟ್‌ಮೆಂಟಿನವರು ಕುಂಡವನ್ನು ದೊಡ್ಡ ಥರ್ಮಾಕೋಲ್ ಡಬ್ಬಿಯಲ್ಲಿಟ್ಟು, ಸುತ್ತ ತೊಗಟೆ ತುಂಬಿ, ಬಾಲ್ಕನಿಯ ಗೋಡೆಗೆ ಒತ್ತಿಕೊಂಡಂತೆ ನೆಲದ ಮೇಲೆ ಇಡಿ. ಕಂಬಿ ಪಕ್ಕ ಬೇಡ. ಇಲ್ಲಿನ ಗಾಳಿ ಗಿಡವನ್ನು ಒಣಗಿಸಿಬಿಡುತ್ತದೆ. ಮಣ್ಣಿನ ಮೇಲೆ ಹಿಮ ಬಿದ್ದರೆ ತೆಗೆಯಬೇಡಿ, ಅದೂ ಒಂದು ಕಂಬಳಿ.

ಚಳಿಗಾಲದಲ್ಲಿ ನೀರು ಬೇಡ ಎಂದುಕೊಳ್ಳುವವರೇ ಜಾಸ್ತಿ. ಗ್ಯಾರೇಜಿನಲ್ಲಿಟ್ಟು ಮರೆತ ಗಿಡ ಒಣಗಿ ಸಾಯುತ್ತದೆ. ವಾರಕ್ಕೊಮ್ಮೆ ಬೆರಳಿನಿಂದ ಮಣ್ಣು ಮುಟ್ಟಿ ನೋಡಿ. ಒಣಗಿದ್ದರೆ, ಹೆಪ್ಪುಗಟ್ಟಿಲ್ಲದ ದಿನ ನೀರು ಕೊಡಿ. ನಾನು ಒಂದು ಬೊಗಸೆ ಹಿಮ ತಂದು ಮಣ್ಣಿನ ಮೇಲೆ ಹಾಕುತ್ತೇನೆ, ನಿಧಾನವಾಗಿ ಕರಗಿ ಇಳಿಯುತ್ತದೆ. ಮಣ್ಣಿನ ಮೇಲೆ ಅಂಟಿಸಿದ ಅಲಂಕಾರದ ಕಲ್ಲುಗಳಿದ್ದರೆ ತೆಗೆದುಬಿಡಿ, ನೀರು ಒಳಗಿಳಿಯಲು ಬಿಡುವುದಿಲ್ಲ. ಗೊಬ್ಬರ ಬೇಡ. ಜೂನಿಪರ್ ಸ್ವಲ್ಪ ಕಂದು ಬಣ್ಣಕ್ಕೆ ತಿರುಗಿದರೆ ಗಾಬರಿಯಾಗಬೇಡಿ, ಚಳಿಯಲ್ಲಿ ಅದು ಸಹಜ. ಅನುಮಾನ ಬಂದರೆ ಸಣ್ಣ ಕೊಂಬೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ.

ಫೈಕಸ್ ಮತ್ತು ದಪ್ಪ ಎಲೆಯ ಜೇಡ್ ಗಿಡದ ವಿಷಯ ಪೂರ್ತಿ ಬೇರೆ. ಫೈಕಸ್ ನಮ್ಮ ಆಲ, ಅರಳಿ, ಅತ್ತಿಯ ಕುಲದ್ದೇ. ರಾತ್ರಿ 10 ಡಿಗ್ರಿಗಿಂತ ಕೆಳಗೆ, ಅಂದರೆ 50 ಫ್ಯಾರನ್‌ಹೀಟ್‌ಗಿಂತ ಕೆಳಗೆ ಹೋಗುವ ಮೊದಲೇ ಒಳಗೆ ತನ್ನಿ. ದಕ್ಷಿಣದ ಕಿಟಕಿ ಒಳ್ಳೆಯದು, ಹೀಟರ್ ಗಾಳಿ ಮಾತ್ರ ತಾಗಬಾರದು. ಒಳಗೆ ತಂದ ಹೊಸದರಲ್ಲಿ ಫೈಕಸ್ ಎಲೆ ಉದುರಿಸಬಹುದು. ಅದಕ್ಕೆ ಹೆದರಿ ನೀರು ಸುರಿಯಬೇಡಿ, ಬೇರು ಕೊಳೆಯುತ್ತದೆ. ಜೇಡ್‌ಗಂತೂ ನೀರು ಬಹಳ ಕಡಿಮೆ ಸಾಕು. ನಿಮ್ಮ ಮನೆಯ ಕರಿಬೇವನ್ನೂ ಇವುಗಳ ಪಕ್ಕದಲ್ಲೇ ಇಡಿ, ಅದಕ್ಕೂ ಚಳಿ ಆಗದು. ಊರಿಂದ ಆಲದ ಸಸಿ ತರುವ ಆಸೆ ಇದ್ದರೆ ಬಿಟ್ಟುಬಿಡಿ. ಮಣ್ಣಿನ ಸಮೇತ ಗಿಡ ತರಲು ಏರ್‌ಪೋರ್ಟಿನಲ್ಲಿ ಬಿಡುವುದಿಲ್ಲ.

ಫೆಬ್ರವರಿಯಲ್ಲಿ ಎರಡು ದಿನ ಬಿಸಿಲು ಬಂದರೆ ಮೋಸಹೋಗಬೇಡಿ. ಇಲ್ಲಿ ಏಪ್ರಿಲ್‌ನಲ್ಲೂ ಹಿಮ ಬೀಳುತ್ತದೆ. ಜೂನಿಪರ್ ಚಿಗುರಲು ಶುರುವಾದಾಗ ಹೊರಗೆ ತನ್ನಿ, ಚಳಿ ಜೋರಾದ ರಾತ್ರಿ ಮತ್ತೆ ಗ್ಯಾರೇಜಿಗೆ ಸೇರಿಸಿ. ಫೈಕಸ್ ಮೇ ಕೊನೆವರೆಗೂ ಒಳಗೇ ಇರಲಿ. ಹೊರಗೆ ತಂದಾಗ ಮೊದಲ ವಾರ ನೆರಳಲ್ಲಿಡಿ.