ಮಸಾರಿ ಹೊಲಕ್ಕೆ ಕೆರೆಗೋಡು: ಜೇಡಿ ಎಷ್ಟಾದರೆ ಸಾಕು

ಕುಷ್ಟಗಿ ಸೀಮೆಯ ನಮ್ಮ ಮಸಾರಿ (ಕೆಂಪು ಮರಳುಮಣ್ಣಿನ) ಹೊಲಕ್ಕೆ ಕೆರೆಗೋಡು, ಅಂದರೆ ಕೆರೆಯ ಹೂಳು, ಹೊಡೆಸಲು ಹೊರಟಾಗ, ಮರಳಿಗೆ ಜೇಡಿ ಬೆರೆತರೆ ನೆಲ ಸಿಮೆಂಟಿನಂತೆ ಬಿಗಿಯುತ್ತದೆ ಎಂದು ಊರಿನ ಹಿರಿಯರೂ ಗೊಬ್ಬರದಂಗಡಿಯವರೂ ಎಚ್ಚರಿಸಿದ್ದರು. ಆ ಮಾತು ಅರ್ಧ ನಿಜ. ಉಳಿದರ್ಧವನ್ನು ಈಗ ನನ್ನ ಶೇಂಗಾ ಮತ್ತು ದಾಳಿಂಬೆ ಹೇಳುತ್ತಿವೆ.

ಪರೀಕ್ಷೆಯ ಪ್ರಕಾರ ನಮ್ಮ ಮಣ್ಣಿನಲ್ಲಿ ಜೇಡಿ ಶೇ 8ರ ಆಸುಪಾಸಿನಲ್ಲಿತ್ತು, ಗೋಡಿನಲ್ಲಿ ಶೇ 40ರಷ್ಟಿತ್ತು. ಎಕರೆಯ ಮೇಲಿನ ಅರ್ಧ ಅಡಿ ಮಣ್ಣು 900 ಟನ್ನಿಗಿಂತ ಕಡಿಮೆ ತೂಗುವುದಿಲ್ಲವಾದ್ದರಿಂದ, ಜೇಡಿಯನ್ನು ಶೇ 11ಕ್ಕೆ ಏರಿಸಬೇಕಾದರೂ 90-95 ಟನ್ ಗೋಡು, ಅಂದರೆ ಮೂವತ್ತು ಟ್ರ್ಯಾಲಿಯಷ್ಟು ಬೇಕು. ಕೆರೆಯ ಹೂಳಿಗೆ ಬೆಲೆಯಿರಲಿಲ್ಲ. ಜೇಸಿಬಿ ಮತ್ತು ಬಾಡಿಗೆ ಸೇರಿ ಎಕರೆಗೆ ಹದಿನೈದು-ಹದಿನೇಳು ಸಾವಿರ ರೂಪಾಯಿ ತಗುಲಿತೆಂದು ನೆನಪು.

ಮೊದಲ ವರ್ಷದ ದುಡ್ಡು ಬಹುಪಾಲು ಮಣ್ಣುಪಾಲಾಯಿತು. ಹೆಂಟೆಗಳಾಗಿಯೇ ಉಳಿದ ಗೋಡು ರೋಟವೇಟರ್ ಹೊಡೆದರೂ ಒಡೆಯಲಿಲ್ಲ. ಮುಂಗಾರಿನ ಮೊದಲ ಬಿರುಮಳೆಗೆ ಅದರ ಹೊರಮೈ ಕರಗಿ, ನೆಲದ ಮೇಲೆ ತೆಳುವಾದ ಹೆಪ್ಪು ಕಟ್ಟಿ, ನೀರೆಲ್ಲ ಬದುವಿನ ಕಡೆಗೆ ಹರಿಯಿತು. ಗುಂಡಿ ತೆಗೆದು ನೋಡಿದರೆ, ಮರಳಿನ ಸಂದುಗಳಲ್ಲಿ ಇಳಿದ ನಯವಾದ ಜೇಡಿ ರಂಟೆಯ ಆಳದಲ್ಲಿ ಪದರವಾಗಿ ಕೂತಿತ್ತು. ಮೇಲಿನ ಮಣ್ಣು ಮೊದಲಿನಂತೆಯೇ ಬಡಕಲಾಗಿತ್ತು, ಕೆಳಗೆ ಮಾತ್ರ ನೀರಿಗೆ ತಡೆ.

ಹೀಗಾಗಿ ಮನೆಯಲ್ಲಿ ತಳ ಕತ್ತರಿಸಿದ ನೀರಿನ ಬಾಟಲಿಗಳಲ್ಲಿ ಬೇರೆ ಬೇರೆ ಪ್ರಮಾಣದ ಮಿಶ್ರಣಗಳನ್ನು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ತಲೆಕೆಳಗಾಗಿ ಇಟ್ಟು, ನೀರು ಇಳಿಯುವುದನ್ನು ಗಮನಿಸಿದೆ. ಹತ್ತು ಪಾತ್ರೆ ಹೊಲದ ಮಣ್ಣಿಗೆ ಎರಡು ಪಾತ್ರೆ ಪುಡಿ ಗೋಡು ಬೆರೆಸಿದರೆ ಒಟ್ಟು ಹನ್ನೊಂದು ಪಾತ್ರೆಯೂ ತುಂಬಲಿಲ್ಲ. ಗೋಡು ಮರಳಿನ ಸಂದುಗಳೊಳಗೇ ಸೇರಿಕೊಂಡಿತ್ತು. 0.03 ಮಿ.ಮೀ.ಗಿಂತ ಅಗಲವಾದ ಸಂದಿನಲ್ಲಿ ನೀರು ನಿಲ್ಲುವುದಿಲ್ಲ, 0.0002 ಮಿ.ಮೀ.ಗಿಂತ ಕಿರಿದಾದುದರಲ್ಲಿ ನಿಂತರೂ ಬೇರಿಗೆ ದಕ್ಕುವುದಿಲ್ಲ. ಬೆಳೆಗೆ ಬೇಕಿರುವುದು ಇವೆರಡರ ನಡುವಿನದು. ಸ್ವಲ್ಪ ಜೇಡಿ ಮರಳಿನ ಕಣಕ್ಕೆ ಅಂಟಿಕೊಂಡರೆ ಅಂಥ ಸಂದುಗಳು ಹೆಚ್ಚುತ್ತವೆ, ದೊಡ್ಡವೂ ಒಂದಷ್ಟು ಉಳಿಯುತ್ತವೆ. ಮೂರನೇ ಒಂದು ಪಾಲು ಗೋಡು ಹಾಕಿದ ಬಾಟಲಿಯಲ್ಲಿ ದೊಡ್ಡ ಸಂದುಗಳೇ ಮುಚ್ಚಿ, ರಾತ್ರಿ ಸುರಿದ ನೀರು ಬೆಳಗಿನವರೆಗೂ ಮೇಲೆಯೇ ನಿಂತಿತ್ತು. ಹಿರಿಯರು ಹೆದರಿದ್ದು ಇದಕ್ಕೇ.

ಆಮೇಲೆ ಗೋಡನ್ನು ಒಮ್ಮೆಗೇ ಹಾಕದೆ ಎರಡು ಬೇಸಿಗೆಗೆ ಹಂಚಿದೆ. ಹೊಲದ ಅಂಚಿನಲ್ಲಿ ತೆಳುವಾಗಿ ಹರಡಿ, ಅರೆ ಒಣಗಿದ ಹದದಲ್ಲಿ ಪುಡಿ ಮಾಡಿ, ಕಳಿತ ತಿಪ್ಪೆಗೊಬ್ಬರದೊಂದಿಗೆ ಕಲಸಿದ ಮೇಲೆಯೇ ಹೊಲಕ್ಕೆ ಸೇರಿಸಿದೆ. ಗೊಬ್ಬರವಿಲ್ಲದೆ ಜೇಡಿ ಹರಳುಗಟ್ಟಿ ನಿಲ್ಲದು. ಸೆಣಬು ಬಿತ್ತಿ ಹೂವಿಗೆ ಬರುವ ಮುನ್ನ ಹಸಿರುಗೊಬ್ಬರವಾಗಿ ಉತ್ತು ಮಣ್ಣಿಗೆ ಸೇರಿಸಿದೆ. ಗೊಬ್ಬರ-ಗೋಡಿನ ಪ್ರಮಾಣವನ್ನೂ, ಕಲಸುವಾಗ ಸೇರಿಸುವ ಇನ್ನೊಂದು ವಸ್ತುವನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಗೋಡು ತರುವ ಮುನ್ನ ಸೋಡಿಯಂ ನೋಡಲೇಬೇಕು. ಒಣಗಿದ ಹರಳನ್ನು ಗಾಜಿನ ಲೋಟದ ಮಳೆನೀರಿನಲ್ಲಿ ಬಿಟ್ಟು, ಮರುದಿನವೂ ನೀರು ಹಾಲಿನಂತೆ ಕದಡಿಕೊಂಡೇ ಇದ್ದರೆ ಅದರಲ್ಲಿ ಸೋಡಿಯಂ ಹೆಚ್ಚಿದೆ, ಆ ಜೇಡಿ ಸಂದುಗಳಲ್ಲಿ ಸಿಕ್ಕಿಕೊಂಡು ದಾರಿ ಮುಚ್ಚುವಂಥದ್ದು. ಅದನ್ನು ಸರಿಪಡಿಸಲು ಜಿಪ್ಸಂಗೆ ಖರ್ಚು ಮಾಡುವುದಕ್ಕಿಂತ ಬೇರೆ ಕೆರೆ ಹುಡುಕುವುದು ಅಗ್ಗ. ಬೋರಿನ ಉಪ್ಪುನೀರಿನಲ್ಲಿ ಈ ಪರೀಕ್ಷೆ ಮಾಡಿದರೆ ಕೆಟ್ಟ ಗೋಡೂ ತಿಳಿಯಾಗಿ ಕಾಣುತ್ತದೆ, ಮೋಸ ಹೋಗುವುದು ಅಲ್ಲೇ.

ಮೊದಲು ಡ್ರಿಪ್ಪಿನ ಹನಿ ನೇರ ಕೆಳಗಿಳಿದು, ಗೇಣಗಲವನ್ನಷ್ಟೇ ತೋಯಿಸುತ್ತಿತ್ತು. ಈಗ ದಾಳಿಂಬೆ ಸಾಲಿನಲ್ಲಿ ಒದ್ದೆ ಒಂದೂವರೆ ಅಡಿಯಾದರೂ ಪಕ್ಕಕ್ಕೆ ಹರಡುತ್ತದೆ, ಮತ್ತು ದಿನ ಬಿಟ್ಟು ದಿನ ಕೊಡುತ್ತಿದ್ದ ನೀರನ್ನು ಮೂರು-ನಾಲ್ಕು ದಿನಕ್ಕೊಮ್ಮೆ ಕೊಟ್ಟರೆ ನಡೆಯುತ್ತದೆ. ಶೇಂಗಾ ಹೊಲ ಮಳೆ ಹೋದ ಮೇಲೂ ನೆರೆಯವರ ಹೊಲಕ್ಕಿಂತ ವಾರದಷ್ಟು ತಡವಾಗಿ ಬಾಡುತ್ತದೆ. ಎಚ್ಚರಿಸಿದವರಲ್ಲಿ ಇಬ್ಬರು ಈಗ ಟ್ರ್ಯಾಲಿ ಬಾಡಿಗೆ ವಿಚಾರಿಸುತ್ತಿದ್ದಾರೆ. ಆದರೂ ಮುಂದಿನ ಬೇಸಿಗೆಯ ಗೋಡಿನ ಕಂತು ದಾಳಿಂಬೆಗೆ ಮಾತ್ರ. ಜೇಡಿ ಇನ್ನೂ ಏರಿದರೆ ಕೀಳುವಾಗ ಶೇಂಗಾದ ಕಾಯಿ ಹರಿದು ನೆಲದಲ್ಲೇ ಉಳಿಯುತ್ತದೆ, ಆರಿಸುವ ಕೂಲಿ ಉಳಿಸಿದ ನೀರನ್ನೂ ಮೀರಿಸುತ್ತದೆ.