ಹನ್ನೆರಡು ಮಂದಿ ಸೇರಿ ಒಂದು ಕಥಾಸಂಕಲನ ತರುವ ಬಗೆ

ಬರೆಯುವ ಹವ್ಯಾಸವಿರುವ ಹತ್ತು ಹನ್ನೆರಡು ಮಂದಿ ಒಂದೆಡೆ ಸೇರಿದಾಗ ಪ್ರತಿಯೊಬ್ಬರ ಬಳಿಯೂ ಒಂದೆರಡು ಒಳ್ಳೆಯ ಕಥೆಗಳಿರುತ್ತವೆ, ಆದರೆ ಒಂದು ಪುಸ್ತಕಕ್ಕೆ ಸಾಕಾಗುವಷ್ಟು ಯಾರ ಬಳಿಯೂ ಇರುವುದಿಲ್ಲ. ಮೈಸೂರು, ಮಂಡ್ಯ, ಪಾಂಡವಪುರಗಳಲ್ಲಿ ನೆಲೆಸಿರುವ ನಾವು ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕುಳಿತು ಕಥೆ ಓದಿಕೊಳ್ಳುತ್ತಿದ್ದವರು. ಕೂಡಿ ಒಂದು ಸಂಕಲನ ತರೋಣವೆಂಬ ಮಾತು ಬಂದಾಗ ಎಲ್ಲರಿಗೂ ಇದ್ದದ್ದು ಅಚ್ಚಿನ ಖರ್ಚಿನ ಚಿಂತೆಯೊಂದೇ. ಪುಸ್ತಕ ಕೈಗೆ ಬರುವ ಹೊತ್ತಿಗೆ ತಿಳಿದದ್ದು ಬೇರೆ: ಹಣ ಹೇಗೋ ಹೊಂದುತ್ತದೆ, ಗೆಳೆಯರ ಕಥೆಯನ್ನು ಯಾರು, ಎಷ್ಟರಮಟ್ಟಿಗೆ ತಿದ್ದಬಹುದು ಎಂಬುದನ್ನು ಮೊದಲೇ ತೀರ್ಮಾನಿಸದಿದ್ದರೆ ಪುಸ್ತಕವೂ ಕೆಡುತ್ತದೆ, ಗೆಳೆತನವೂ ಕೆಡುತ್ತದೆ.

ಆದ್ದರಿಂದ ಒಂದೇ ಒಂದು ಕಥೆ ಕೈಸೇರುವ ಮೊದಲು ಎರಡು ಪುಟದ ಒಡಂಬಡಿಕೆಯೊಂದನ್ನು ಬರೆದು ಎಲ್ಲರೂ ಸಹಿ ಹಾಕಬೇಕು. ಸಂಪಾದಕರು ಇಬ್ಬರಿರಲಿ, ಮೂವರಾದರೂ ಸರಿ. ಹನ್ನೆರಡು ಮಂದಿಯೂ ಸಂಪಾದಕರಾದರೆ ಯಾವ ಕಥೆಯ ಯಾವ ಸಾಲೂ ಇತ್ಯರ್ಥವಾಗುವುದಿಲ್ಲ. ಕಾಗುಣಿತ, ವಿರಾಮಚಿಹ್ನೆಗಳನ್ನು ಸಂಪಾದಕರು ಕೇಳದೆಯೇ ಸರಿಪಡಿಸಬಹುದು, ಆದರೆ ಒಂದು ವಾಕ್ಯವನ್ನು ತೆಗೆಯುವುದಕ್ಕೂ ಅಂತ್ಯವನ್ನು ಬದಲಿಸುವುದಕ್ಕೂ ಕಥೆಗಾರರ ಒಪ್ಪಿಗೆ ಬೇಕು ಎಂದು ಬರೆದಿಡಿ. ಒಪ್ಪಿಗೆ ಸಿಗದಿದ್ದರೆ ಏನು ಮಾಡಬೇಕೆಂಬುದನ್ನೂ ಬರೆದಿಡಿ. ನಮ್ಮಲ್ಲಿ ಆಗಿದ್ದ ತೀರ್ಮಾನ ಹೀಗಿತ್ತು: ಎರಡು ಸುತ್ತು ಚರ್ಚೆಯಾದ ಮೇಲೂ ಭಿನ್ನಾಭಿಪ್ರಾಯ ಉಳಿದರೆ, ಕಥೆಗಾರರು ಅದೇ ಕಥೆಯ ಬದಲಿಗೆ ಇನ್ನೊಂದನ್ನು ಕೊಡಬಹುದು. ಇಂಥ ಸಂದರ್ಭ ಒಮ್ಮೆ ಮಾತ್ರ ಬಂದಿತು, ಮತ್ತು ಬದಲಿಗೆ ಬಂದ ಕಥೆ ಮೊದಲಿನದಕ್ಕಿಂತ ಚೆನ್ನಾಗಿತ್ತು.

ಹಕ್ಕುಸ್ವಾಮ್ಯದ ವಿಷಯವೂ ಅದೇ ಕಾಗದದಲ್ಲಿರಬೇಕು. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇದ್ದರೆ ಮಾತ್ರ ಊರ್ಜಿತ. ಅವಧಿಯನ್ನು ನಮೂದಿಸದಿದ್ದರೆ ಅದನ್ನು ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಭಾವಿಸಲಾಗುತ್ತದೆ. ಹವ್ಯಾಸಿಗಳ ಸಂಕಲನಕ್ಕೆ ಹಕ್ಕಿನ ವರ್ಗಾವಣೆಯೇ ಬೇಕಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಥೆಯ ಹಕ್ಕು ಕಥೆಗಾರರಲ್ಲೇ ಉಳಿಯಲಿ. ಈ ಸಂಕಲನದಲ್ಲಿ ಮುದ್ರಿಸಲು, ಬೇಕಾದರೆ ಮರುಮುದ್ರಣಕ್ಕೂ ಇ-ಪುಸ್ತಕಕ್ಕೂ, ಅವರು ಅನುಮತಿ ಕೊಟ್ಟರೆ ಸಾಕು. ನಾಳೆ ಅವರದೇ ಸ್ವಂತ ಸಂಕಲನ ಬರುವಾಗ ಯಾರನ್ನೂ ಕೇಳುವ ಅಗತ್ಯ ಬೀಳಬಾರದು. ಕಥೆ ಈಗಾಗಲೇ ಯಾವುದಾದರೂ ವಾರಪತ್ರಿಕೆಯಲ್ಲೋ ದೀಪಾವಳಿ ವಿಶೇಷಾಂಕದಲ್ಲೋ ಬಂದಿದ್ದರೆ ಅದನ್ನು ಕಥೆಗಾರರು ಮೊದಲೇ ತಿಳಿಸಬೇಕು, ಪುಸ್ತಕದಲ್ಲಿ ಅದರ ಉಲ್ಲೇಖ ಇರಬೇಕು.

ಪುಟಗಳ ಲೆಕ್ಕವನ್ನು ಕಥೆಗಳನ್ನು ಕೇಳುವ ಮೊದಲೇ ಹಾಕಿಕೊಳ್ಳಿ. ಹನ್ನೆರಡು ಕಥೆಗಳು, ಒಂದೊಂದೂ 2,500 ಪದ ಎಂದರೆ 30,000 ಪದಗಳಾದವು. ಡೆಮಿ 1/8 ಆಕಾರದ (ಸಾಮಾನ್ಯ ಕಥಾಪುಸ್ತಕದ ಅಳತೆಯ) ಪುಟಕ್ಕೆ ಸುಮಾರು 240 ಪದ ಹಿಡಿದರೆ 125 ಪುಟ. ಪ್ರತಿ ಕಥೆಯೂ ಹೊಸ ಪುಟದಿಂದ ಶುರುವಾಗುವುದರಿಂದ ಅಲ್ಲಲ್ಲಿ ಅರ್ಧ ಪುಟ ಖಾಲಿ ಬಿದ್ದು ಇನ್ನೊಂದು ಆರು ಪುಟ ಸೇರುತ್ತದೆ. ಶೀರ್ಷಿಕೆ, ಅರಿಕೆ, ಪರಿವಿಡಿಗಳಿಗೆ ಎಂಟು ಪುಟ. ಅಚ್ಚಿನವರು ಲೆಕ್ಕ ಹಾಕುವುದು 16 ಪುಟಗಳ ಫಾರಂ ಲೆಕ್ಕದಲ್ಲಿ. ಒಂಬತ್ತು ಫಾರಂ ಎಂದರೆ 144 ಪುಟ, ಉಳಿದ ಐದು ಪುಟಗಳು ಕಥೆಗಾರರ ಪರಿಚಯಕ್ಕೆ. ಯಾರೋ ಒಬ್ಬರು 6,000 ಪದದ ಕಥೆ ಕೊಟ್ಟರೆ ಈ ಲೆಕ್ಕವೆಲ್ಲ ತಲೆಕೆಳಗಾಗಿ, ಇನ್ನೊಂದು ಫಾರಂನ ಖರ್ಚು ಎಲ್ಲರ ಮೇಲೂ ಬೀಳುತ್ತದೆ. ಆದ್ದರಿಂದ ಪದಮಿತಿಯನ್ನು ಸಂಕೋಚವಿಲ್ಲದೆ ಹೇಳಬೇಕು.

ಹಣದ ವಿಚಾರದಲ್ಲಿ ಸರಳ ದಾರಿಯೇ ಒಳ್ಳೆಯದು. 300 ಪ್ರತಿಗಳಿಗೆ ಎಲ್ಲ ಸೇರಿ 36,000 ರೂಪಾಯಿ ಎಂದು ಅಚ್ಚುಕೂಟ ದರ ಕೊಟ್ಟಿತು ಎಂದಿಟ್ಟುಕೊಳ್ಳೋಣ. ತಲಾ 3,000 ರೂಪಾಯಿ ಹಾಕಿ ತಲಾ 20 ಪ್ರತಿ ಪಡೆದರೆ 240 ಪ್ರತಿ ಹಂಚಿಕೆಯಾಗಿ, 60 ಪ್ರತಿ ವಿಮರ್ಶೆಗೆ, ಗ್ರಂಥಾಲಯಗಳಿಗೆ ಮತ್ತು ಬಿಡುಗಡೆಯ ದಿನದ ಮಾರಾಟಕ್ಕೆ ಉಳಿಯುತ್ತದೆ. ಗುಂಪಿನಲ್ಲಿ ವಿದ್ಯಾರ್ಥಿಗಳಿದ್ದರೆ ಅವರ ಪಾಲನ್ನು ಉಳಿದವರು ಹಂಚಿಕೊಳ್ಳುವುದು ನ್ಯಾಯ, ಆದರೆ ಅದನ್ನು ಸಭೆಯಲ್ಲಿ ಎತ್ತಿ ಆಡಬಾರದು. ಲೆಕ್ಕ ಬರೆಯುವವರು ಸಂಪಾದಕರಾಗಿರಬಾರದು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕಿ, ಆದರೆ ಆ ಹಣವನ್ನು ನೆಚ್ಚಿಕೊಂಡು ಪ್ರತಿಗಳ ಸಂಖ್ಯೆಯನ್ನು ಹೆಚ್ಚಿಸಬೇಡಿ.

ಇನ್ನು ಸಂಪಾದನೆ. ನಮ್ಮ ಸೀಮೆಯ ಕಥೆಗಳಲ್ಲಿ ಅತ್ಯಂತ ಎಚ್ಚರ ಬೇಕಾದದ್ದು ಆಡುಮಾತಿನ ವಿಷಯದಲ್ಲಿ. ನಮ್ಮ ಸಂಕಲನದ ಒಂದು ಕಥೆ ಆಲೆಮನೆಯಲ್ಲಿ ನಡೆಯುತ್ತದೆ. ಕೊಪ್ಪರಿಗೆಯ ಪಕ್ಕ ನಿಂತ ಮುದುಕ ಮೊಮ್ಮಗನನ್ನು, ‘ಎಲ್ಲಿಗ್ಲಾ ಓಯ್ತಿದ್ದೀಯೆ, ಪಾಕ ಬತ್ತಾ ಅದೆ, ಇಲ್ಲೇ ಇರು’ ಎಂದು ತಡೆಯುತ್ತಾನೆ. ಅಚ್ಚುಕೂಟದಿಂದ ಮೊದಲ ಕರಡು ಬಂದಾಗ ಆ ಮಾತು, ‘ಎಲ್ಲಿಗೆ ಹೋಗುತ್ತಿದ್ದೀಯೋ, ಪಾಕ ಬರುತ್ತಿದೆ, ಇಲ್ಲೇ ಇರು’ ಎಂದಾಗಿತ್ತು. ಅಕ್ಷರ ಜೋಡಿಸಿದವರು ತಪ್ಪುಗಳಿವೆಯೆಂದು ಭಾವಿಸಿ, ಒಳ್ಳೆಯ ಮನಸ್ಸಿನಿಂದಲೇ, ಕಥೆಯುದ್ದಕ್ಕೂ ತಿದ್ದಿಬಿಟ್ಟಿದ್ದರು. ಮುದುಕನ ಬಾಯಲ್ಲಿ ಪಠ್ಯಪುಸ್ತಕದ ಕನ್ನಡ ಬಂದ ಕೂಡಲೇ ಆಲೆಮನೆಯ ಹೊಗೆಯೂ ಬಿಸಿಯೂ ಮಾಯವಾಗಿದ್ದವು. ಕಥೆ ಬರೆದ ಗೆಳತಿ ಎರಡು ದಿನ ಕುಳಿತು ಎಲ್ಲವನ್ನೂ ಮತ್ತೆ ಮೊದಲಿನಂತೆ ಮಾಡಬೇಕಾಯಿತು.

ಅಂದಿನಿಂದ ನಾವು ಪ್ರತಿ ಕಥೆಯ ಜೊತೆಗೂ ಒಂದು ಭಾಷಾಪಟ್ಟಿಯನ್ನು ಇಡುತ್ತೇವೆ. ಯಾವ ಪಾತ್ರ ಹಕಾರ ಬಿಟ್ಟು ಮಾತಾಡುತ್ತದೆ, ಯಾವುದು ಬಿಡುವುದಿಲ್ಲ; ‘ಬತ್ತೀನಿ’ ಎಂದು ಬರೆಯಬೇಕೋ ‘ಬತ್ತಿನಿ’ ಎಂದೋ; ‘ಔನೆ’ಯೋ ‘ಅವ್ನೆ’ಯೋ ಎಂಬುದೆಲ್ಲ ಆ ಪಟ್ಟಿಯಲ್ಲಿರುತ್ತದೆ. ಹನ್ನೆರಡು ಕಥೆಗಳೂ ಒಂದೇ ರೀತಿ ಬರೆಯಬೇಕೆಂಬ ಹಟ ಬೇಡ. ಮಳವಳ್ಳಿಯ ಮಾತು ಹುಣಸೂರಿನ ಮಾತಿನಂತೆ ಇರಬೇಕಾಗಿಲ್ಲ. ಆದರೆ ಒಂದು ಕಥೆಯೊಳಗೆ ಒಬ್ಬ ಪಾತ್ರದ ಮಾತು ಪುಟಪುಟಕ್ಕೂ ಬದಲಾಗಬಾರದು. ಮುದುಕನ ಮಗಳು ಮೈಸೂರಿನ ಕಾಲೇಜಿನಲ್ಲಿ ಓದಿ ಬಂದವಳಾದರೆ ಅವಳ ಮಾತಿನಲ್ಲಿ ಹಕಾರ ಉಳಿಯಬಹುದು, ಸಿಟ್ಟು ಬಂದಾಗ ಬಿದ್ದುಹೋಗಲೂಬಹುದು; ಅಂಥದ್ದನ್ನು ಕಥೆಗಾರರು ಬೇಕೆಂದೇ ಮಾಡಿದ್ದಾರೆಯೇ ಎಂದು ಕೇಳಿ ತಿಳಿದುಕೊಳ್ಳಬೇಕು. ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉಪಾಯವೆಂದರೆ ಗಟ್ಟಿಯಾಗಿ ಓದಿಸುವುದು. ಕಥೆಗಾರರಲ್ಲದ ಇನ್ನೊಬ್ಬರು ಓದುತ್ತಿರುವಾಗ, ನಾಲಗೆ ಎಡವಿದ ಜಾಗದಲ್ಲೆಲ್ಲ ಕಥೆಗಾರರು ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಲಿ.

ಹಸ್ತಪ್ರತಿಗಳೆಲ್ಲ, ಯಾವ ಕಂಪ್ಯೂಟರಿನಲ್ಲೂ ಒಂದೇ ರೀತಿ ಓದಬಲ್ಲ ಅಕ್ಷರಸಂಕೇತವಾದ ಯುನಿಕೋಡ್‌ನಲ್ಲೇ ಬರಲಿ. ಹಿರಿಯರು ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಅಕ್ಷರಗಳಲ್ಲಿ ಟೈಪು ಮಾಡಿ ಕಳುಹಿಸಿದರೆ ಪರಿವರ್ತಕ ತಂತ್ರಾಂಶ ಬಳಸಬಹುದು, ಆದರೆ ಪರಿವರ್ತನೆಯಾದ ಪಠ್ಯವನ್ನು ಕಣ್ಣಾರೆ ನೋಡದೆ ನಂಬಬಾರದು. ‘ಸೂರ್ಯ’, ‘ಅರ್ಥ’, ‘ಕಾರ್ಯ’ ಮುಂತಾದ ಪದಗಳಲ್ಲಿ ಅರ್ಕಾವತ್ತು ಜಾಗ ತಪ್ಪುವುದುಂಟು. ‘ಫೋನ್‌ಗೆ’ ಎಂಬುದು ‘ಫೋನ್ಗೆ’ ಆಗುವುದುಂಟು. ಪುಟವಿನ್ಯಾಸ ಮಾಡುವವರು ಯುನಿಕೋಡ್ ಪಠ್ಯವನ್ನು ಮತ್ತೆ ತಮ್ಮ ಹಳೆಯ ಅಕ್ಷರಗಳಿಗೆ ಬದಲಾಯಿಸಿಕೊಳ್ಳುತ್ತಾರೋ ಎಂದು ಮೊದಲೇ ಕೇಳಿ; ಹಾಗಿದ್ದಲ್ಲಿ ಒಂದು ಕರಡು ಹೆಚ್ಚಾಗಿಯೇ ಓದಬೇಕಾಗುತ್ತದೆ. ಒಟ್ಟು ಮೂರು ಕರಡು ಬೇಕು: ಒಂದನ್ನು ಕಥೆಗಾರರೂ ಇನ್ನೊಂದನ್ನು ಸಂಪಾದಕರೂ ನೋಡಲಿ, ಕೊನೆಯದನ್ನು ಆ ಕಥೆಯನ್ನು ಅದುವರೆಗೆ ಓದದ ಒಬ್ಬರು ನೋಡಲಿ.

ಕಥೆಗಳನ್ನು ಅಕಾರಾದಿಯಾಗಿ ಜೋಡಿಸಿದರೆ ಯಾರಿಗೂ ಬೇಸರವಾಗುವುದಿಲ್ಲವೆಂಬುದು ನಿಜ, ಆದರೆ ಅದರಿಂದ ಓದುಗರಿಗೆ ಪ್ರಯೋಜನವಿಲ್ಲ. ಓದುಗರನ್ನು ಒಳಗೆ ಕರೆದೊಯ್ಯುವ ಕಥೆ ಮೊದಲಿರಲಿ, ಮನಸ್ಸಿನಲ್ಲಿ ಬಹಳ ಹೊತ್ತು ಉಳಿಯುವುದು ಕೊನೆಗಿರಲಿ, ಒಂದೇ ಬಗೆಯ ಎರಡು ಕಥೆಗಳು ಅಕ್ಕಪಕ್ಕ ಬಾರದಿರಲಿ.

ಐಎಸ್‌ಬಿಎನ್ ಸಂಖ್ಯೆಯನ್ನು, ಅಂದರೆ ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆಯನ್ನು, ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಇದಕ್ಕೆಂದು ಯಾರಿಗೂ ಹಣ ಕೊಡಬೇಕಾಗಿಲ್ಲ. ಅರ್ಜಿ ಆನ್‌ಲೈನ್‌ನಲ್ಲಿ ಸಲ್ಲುತ್ತದೆ, ಆದರೆ ಸಮಯ ಹಿಡಿಯುವುದರಿಂದ ಸಂಪಾದನೆ ನಡೆಯುತ್ತಿರುವಾಗಲೇ ಹಾಕಿಬಿಡಿ. ಇ-ಪುಸ್ತಕ ತರುವುದಾದರೆ ಅದಕ್ಕೆ ಬೇರೆ ಸಂಖ್ಯೆ ಬೇಕು.

ಒಳಪುಟಗಳಿಗೆ 70 ಅಥವಾ 80 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕ) ಮ್ಯಾಪ್ಲಿಥೋ ಕಾಗದ, ಮುಖಪುಟಕ್ಕೆ 300 ಜಿಎಸ್ಎಂ ಆರ್ಟ್ ಕಾರ್ಡ್ ಸಾಕು. ಆಫ್‌ಸೆಟ್‌ನಲ್ಲಿ ಪ್ಲೇಟಿನ ಖರ್ಚು ನಿಶ್ಚಿತವಾಗಿರುವುದರಿಂದ ಪ್ರತಿಗಳು ಹೆಚ್ಚಿದಷ್ಟೂ ತಲಾ ವೆಚ್ಚ ಇಳಿಯುತ್ತದೆ; ನೂರು, ನೂರೈವತ್ತು ಪ್ರತಿಗಳಷ್ಟೇ ಬೇಕಿದ್ದರೆ ಡಿಜಿಟಲ್ ಮುದ್ರಣದ ದರವನ್ನೂ ಕೇಳಿ ಹೋಲಿಸಿ ನೋಡಿ. ಪುಟಗಳ ಸಂಖ್ಯೆ ಮತ್ತು ಕಾಗದ ನಿಶ್ಚಯವಾಗುವವರೆಗೂ ಪುಸ್ತಕದ ಬೆನ್ನಿನ ಅಗಲ ತಿಳಿಯದು, ಹೀಗಾಗಿ ಮುಖಪುಟವನ್ನು ಅಂತಿಮಗೊಳಿಸುವ ಆತುರ ಬೇಡ. ಎಲ್ಲ ಪ್ರತಿಗಳ ಅಚ್ಚಿಗೆ ಒಪ್ಪಿಗೆ ಕೊಡುವ ಮುನ್ನ ಒಂದು ಮಾದರಿ ಪ್ರತಿಯನ್ನು ಕಟ್ಟಿಸಿ, ಪುಟ ಪುಟವನ್ನೂ ತಿರುವಿ ನೋಡಿ.

ಬಿಡುಗಡೆಗೆ ಮೈಸೂರಿನ ಕಲಾಮಂದಿರದ ಆವರಣದಲ್ಲಿರುವ ಕಿರುರಂಗಮಂದಿರದಂಥ ಸಣ್ಣ ಸಭಾಂಗಣ ಸಾಕಾಗುತ್ತದೆ. ನವೆಂಬರ್ ತಿಂಗಳಲ್ಲಿ ರಾಜ್ಯೋತ್ಸವದ ಕಾರ್ಯಕ್ರಮಗಳಿಂದ ಸಭಾಂಗಣ ಸಿಗುವುದೂ ಕಷ್ಟ, ಕೇಳುಗರು ಬಿಡುವಾಗಿರುವುದೂ ಕಷ್ಟ. ಭಾಷಣಗಳು ಎರಡೇ ಇರಲಿ, ಮೂವರು ಕಥೆಗಾರರಿಂದ ಒಂದೊಂದು ಪುಟ ಓದಿಸಿ.

ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಗಳ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳುಹಿಸಬೇಕೆಂದು 1954ರ ಕಾಯ್ದೆ ಹೇಳುತ್ತದೆ. ಆ ನಾಲ್ಕು ಪ್ರತಿಗಳನ್ನು ಬಿಡುಗಡೆಯ ಮರುದಿನವೇ ಅಂಚೆಗೆ ಹಾಕಿ. ಉಳಿದ ಪ್ರತಿಗಳಲ್ಲಿ ಕಥೆಗಳು ನಡೆಯುವ ಊರುಗಳ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಎರಡೆರಡನ್ನು ಮೊದಲೇ ತೆಗೆದಿರಿಸಿ, ಅಂಚೆಯಲ್ಲಿ ಕಳುಹಿಸುವ ಬದಲು ಆ ಕಥೆ ಬರೆದವರೇ ಹೋಗಿ ಕೊಟ್ಟು ಬರುವಂತೆ ನೋಡಿಕೊಳ್ಳಿ.