ಕನ್ಸೋಲ್ ಕೈಕೊಟ್ಟಾಗ ಪವರ್ ಬಟನ್ ಮುಟ್ಟುವ ಮೊದಲು

ಉಡುಪಿ, ಮಣಿಪಾಲದ ಕೆಲವು ಅಂಗಡಿ, ಕಚೇರಿಗಳ ಲಿನಕ್ಸ್ ಸರ್ವರ್ ನೋಡಿಕೊಳ್ಳುತ್ತೇನೆ. "ಸ್ಕ್ರೀನ್ ಹ್ಯಾಂಗ್ ಆಗಿದೆ ಮಾರಾಯ್ರೆ, ಆಫ್ ಮಾಡಿ ಆನ್ ಮಾಡ್ಲಾ?" ಎಂದು ಫೋನ್ ಬಂದರೆ ಬೇಡ ಎನ್ನುತ್ತೇನೆ. ಕನ್ಸೋಲ್ (ಸರ್ವರ್ ಮುಂದೆ ಕೂತು ಕಮಾಂಡ್ ಕೊಡುವ ಪರದೆ) ಕೆಟ್ಟರೂ ಹಿಂದೆ ಡೇಟಾಬೇಸ್ ತನ್ನ ಪಾಡಿಗೆ ಬರೆಯುತ್ತಲೇ ಇರುತ್ತದೆ.

ಮೊದಲು ಕಂಟ್ರೋಲ್-ಕ್ಯೂ. ಕೈತಪ್ಪಿ ಕಂಟ್ರೋಲ್-ಎಸ್ ಒತ್ತಿ ಔಟ್‌ಪುಟ್ ನಿಂತಿದ್ದರೆ ಅಷ್ಟಕ್ಕೇ ಸರಿಯಾಗುತ್ತದೆ.

ಪ್ರಾಂಪ್ಟ್ ಇದೆ, ಟೈಪ್ ಮಾಡಿದ್ದು ಕಾಣುವುದಿಲ್ಲ ಎಂದರೆ ಕೆಟ್ಟಿರುವುದು ಟಿಟಿವೈ, ಅಂದರೆ ಕೀಬೋರ್ಡ್, ಪರದೆ ಮತ್ತು ಪ್ರೋಗ್ರಾಂ ನಡುವಿನ ಕೊಂಡಿಯ ಸೆಟ್ಟಿಂಗ್. ಪರದೆ ಪೂರ್ತಿ ಬಳಸುವ ಎಡಿಟರ್, ಮೆನು ಪ್ರೋಗ್ರಾಂಗಳು ಶುರುವಾಗುವಾಗ ಎಕೋ (ಒತ್ತಿದ ಅಕ್ಷರ ಪರದೆಯಲ್ಲಿ ಕಾಣಿಸುವುದು) ನಿಲ್ಲಿಸಿ, ಒಂದೊಂದೇ ಕೀ ಓದುವಂತೆ ಟಿಟಿವೈಯನ್ನು ಬದಲಿಸಿಕೊಳ್ಳುತ್ತವೆ. ಮುಗಿಯುವಾಗ ಮೊದಲಿನಂತೆ ಮಾಡಿಡುವುದೂ ಅವುಗಳದೇ ಕೆಲಸ. ನಡುವೆ ಕ್ರ್ಯಾಶ್ ಆದರೆ, ಅಥವಾ ಯಾರಾದರೂ ಕಿಲ್ ಮೈನಸ್ 9 ಕೊಟ್ಟು ಒಮ್ಮೆಲೇ ಕೊಂದರೆ, ಆ ಕೆಲಸ ಹಾಗೇ ಉಳಿಯುತ್ತದೆ. ಕೆಲವೊಮ್ಮೆ ಎಂಟರ್ ಕೂಡ ನಡೆಯುವುದಿಲ್ಲ. ಎಂಟರ್ ಕೀ ಕಳಿಸುವುದು 13ನೇ ಅಕ್ಷರ. ಅದನ್ನು ಸಾಲು ಮುಗಿಯಿತೆನ್ನುವ 10 ಮಾಡಿಕೊಡುವ ಐಸಿಆರ್‌ಎನ್‌ಎಲ್ ಎಂಬ ಟಿಟಿವೈ ಸೆಟ್ಟಿಂಗ್ ಆರಿಹೋಗಿರುತ್ತದೆ. ಕಂಟ್ರೋಲ್-ಜೆ ನೇರವಾಗಿ 10ನ್ನೇ ಕಳಿಸುತ್ತದೆ. ಆದ್ದರಿಂದ ಕಂಟ್ರೋಲ್-ಜೆ, ರೀಸೆಟ್ ಎಂಬ ಕಮಾಂಡ್, ಮತ್ತೆ ಕಂಟ್ರೋಲ್-ಜೆ. ಏನೂ ಕಾಣದಿದ್ದರೂ ನಿಧಾನವಾಗಿ ಟೈಪ್ ಮಾಡಿ. ರೀಸೆಟ್ ಒಂದು ಸೆಕೆಂಡು ತಡೆದು ಮುಗಿಯುತ್ತದೆ, ಆಗ ಗಾಬರಿಯಿಂದ ಮತ್ತೆ ಕೀ ಒತ್ತಬಾರದು. ಮೊದಲ ಕಂಟ್ರೋಲ್-ಜೆ ಸಾಲಿನಲ್ಲಿ ಉಳಿದದ್ದನ್ನು ಓಡಿಸಿಬಿಡುತ್ತದೆ. ಅಲ್ಲಿ ಅರ್ಧ ಟೈಪಾದ ಕಮಾಂಡ್ ಇರಬಹುದೆನಿಸಿದರೆ, ಬ್ಯಾಶ್‌ನಲ್ಲಿ (ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ) ಮೊದಲು ಕಂಟ್ರೋಲ್-ಯು ಒತ್ತಿ ಅಳಿಸಿ.

ಪರದೆಯಲ್ಲಿರುವ ಎರರ್ ಬೇಕಿದ್ದರೆ ರೀಸೆಟ್ ಬದಲು ಟಿಟಿವೈ ಸೆಟ್ಟಿಂಗನ್ನಷ್ಟೇ ಸರಿಮಾಡುವ ಎಸ್‌ಟಿಟಿವೈ ಸೇನ್ ಕಮಾಂಡ್ ಕೊಡಿ. ರೀಸೆಟ್ ಪರದೆಯನ್ನೇ ಒರೆಸಿಬಿಡುತ್ತದೆ, ಕ್ರ್ಯಾಶ್‌ನ ಕಾರಣವೂ ಅದರ ಜೊತೆ ಹೋಗುತ್ತದೆ. ಪಠ್ಯವಲ್ಲದ ಬೈನರಿ ಫೈಲನ್ನು ಕ್ಯಾಟ್ ಕಮಾಂಡಿನಿಂದ ಪರದೆಗೆ ಸುರಿದು ಅಕ್ಷರಗಳೆಲ್ಲ ಗೆರೆ, ಚೌಕಗಳಾಗಿದ್ದರೆ ಮಾತ್ರ ರೀಸೆಟ್ಟೇ ಬೇಕು.

ಕಷ್ಟದ್ದು ಕೀಬೋರ್ಡೇ ಸತ್ತಂತಾಗುವುದು. ಕನ್ಸೋಲ್ ಮೇಲೆ ನೇರ ಗ್ರಾಫಿಕ್ಸ್ ಓಡಿಸುವ ಪ್ರೋಗ್ರಾಂ ಬಿದ್ದಾಗ ಕೀಬೋರ್ಡ್ ರಾ ಮೋಡ್‌ನಲ್ಲೇ (ಒತ್ತಿದ ಕೀ ಅರ್ಥಮಾಡಿಕೊಳ್ಳದೆ ಹಾಗೇ ಪ್ರೋಗ್ರಾಂಗೆ ಕೊಡುವ ಸ್ಥಿತಿ) ಉಳಿದು, ಕನ್ಸೋಲ್ ಬದಲಿಸುವ ಆಲ್ಟ್-ಎಫ್2 ಕೂಡ ನಡೆಯುವುದಿಲ್ಲ. ಆಗ ಆಲ್ಟ್, ಪ್ರಿಂಟ್ ಸ್ಕ್ರೀನ್ ಹಿಡಿದು ಆರ್ ಒತ್ತಬೇಕು, ಅದು ಕೀಬೋರ್ಡನ್ನು ರಾ ಮೋಡ್‌ನಿಂದ ಬಿಡಿಸುತ್ತದೆ. ಆದರೆ ಉಬುಂಟು ಲಿನಕ್ಸ್‌ನಲ್ಲಿ, ಈ ಹಿಡಿತದ ಯಾವ ಕೀಗಳಿಗೆ ಅನುಮತಿ ಎಂದು ಹೇಳುವ ಕರ್ನೆಲ್.ಸಿಸ್‌ಆರ್‌ಕ್ಯೂ ಸೆಟ್ಟಿಂಗ್‌ನ ಬೆಲೆ 176 ಇರುತ್ತದೆ, ಅಂದರೆ 128+32+16. ಆರ್‌ಗೆ ಬೇಕಾದ 4 ಅದರಲ್ಲಿಲ್ಲ. ನಾನು ಇನ್‌ಸ್ಟಾಲ್ ಮಾಡುವಾಗಲೇ 180 ಮಾಡಿ, ದೂರದಿಂದ ಲಾಗಿನ್ ಆಗಲು ಎಸ್‌ಎಸ್‌ಎಚ್ ಕೂಡ ಹಾಕಿಡುತ್ತೇನೆ. ಎಸ್‌ಎಸ್‌ಎಚ್ ಇದ್ದರೆ ಮಂಗಳೂರಿನಲ್ಲಿ ಕೂತೇ ಕೆಬಿಡಿ ಅಂಡರ್‌ಸ್ಕೋರ್ ಮೋಡ್ ಎಂಬ ಕಮಾಂಡ್‌ಗೆ ಮೈನಸ್ ಯು, ಮೈನಸ್ ದೊಡ್ಡ ಸಿ ಜೊತೆ ಟಿಟಿವೈ1ರ (ಮೊದಲ ಕನ್ಸೋಲ್) ಹೆಸರು ಕೊಟ್ಟು ಸರಿಮಾಡಬಹುದು. ಪರದೆ ಕಪ್ಪಗಿದ್ದರೆ ಕನ್ಸೋಲ್ ಬದಲಿಸುವ ಕಮಾಂಡ್ ಸಿಎಚ್‌ವಿಟಿ 2, ನಂತರ ಸಿಎಚ್‌ವಿಟಿ 1.

ಅದಕ್ಕೂ ಬಗ್ಗದಿದ್ದರೆ ಆಲ್ಟ್, ಪ್ರಿಂಟ್ ಸ್ಕ್ರೀನ್ ಹಿಡಿದೇ ಕೆ. ಇದು ಆ ಕನ್ಸೋಲ್‌ನಲ್ಲಿರುವ ಎಲ್ಲ ಪ್ರೋಗ್ರಾಂಗಳನ್ನು ಕೊಂದು ಅದನ್ನು ಪಠ್ಯಕ್ಕೆ ಮರಳಿಸುತ್ತದೆ. ಉಳಿಸದ ಕೆಲಸವೂ ಹೋಗುತ್ತದೆ, ಕೇಳದೆ ಒತ್ತಬೇಡಿ. ಎಸ್‌ಎಸ್‌ಎಚ್ ಕೂಡ ಉತ್ತರಿಸದಿದ್ದರೆ ಮಾತ್ರ ಅದೇ ಹಿಡಿತದಲ್ಲಿ ಎಸ್ (ಬಾಕಿ ಇದ್ದದ್ದನ್ನು ಡಿಸ್ಕಿಗೆ ಬರೆಯಲು), ಯು (ಡಿಸ್ಕನ್ನು ಓದಲು ಮಾತ್ರ ಎಂದು ಮಾಡಲು), ಬಿ (ರೀಬೂಟ್), ನಡುನಡುವೆ ಕೆಲವು ಸೆಕೆಂಡು ಬಿಟ್ಟು. ಈ ಮೂರಕ್ಕೆ ಉಬುಂಟುವಿನ 176 ಸಾಕು.